ಸಾವನ್ನೇ ಅನುಮಾನಿಸಿದ ದನದ ಡಾಕ್ಟ್ರು

ನಮ್ಮ ಬೀದಿಯ ದನದ ಡಾಕ್ಟ್ರು ತೀರಿಕೊಂಡು ವರ್ಷದ ಮೇಲಾಯಿತು. ‘ತೀರಿಕೊಂಡರು’ ಎಂದು ಬರೆಯುವಾಗ ಈಗಲೂ ಕೈ ಒಂದು ಗಳಿಗೆ ತಡೆಯುತ್ತದೆ. ಅವರಿದ್ದಿದ್ದರೆ ಆ ಮಾತಿನ ಮೇಲೆ ಬೆರಳಿಟ್ಟು, “ಇಷ್ಟು ಖಾತ್ರಿಯಾಗಿ ಹೇಳೋಕೆ ನೀನ್ಯಾರಯ್ಯಾ?” ಎನ್ನುತ್ತಿದ್ದರು. ಜೀವಮಾನವೆಲ್ಲ ದನ ಎಮ್ಮೆಗಳ ನಡುವೆ ಕಳೆದ ಆ ಮನುಷ್ಯನ ಬಾಯಲ್ಲಿ ‘ಸತ್ತಿದೆ’ ಎಂಬ ಮಾತು ಬಂದದ್ದನ್ನು ಕೇಳಿದವರಿಲ್ಲ. ಕೊಟ್ಟಿಗೆಯಲ್ಲಿ ಕಾಲು ಚಾಚಿ ಮಲಗಿದ ಹಸುವಿನ ಕಣ್ಣುಗುಡ್ಡೆ ಮುಟ್ಟಿ ನೋಡಿ, ಎದ್ದು, ಕೈ ತೊಳೆದುಕೊಂಡು, “ಈಗ ಉಸಿರಾಡ್ತಿಲ್ಲ” ಎನ್ನುತ್ತಿದ್ದರು. ಮನೆಯವರು “ಹಂಗಂದ್ರೆ ಸತ್ತೋಯ್ತಾ ಡಾಕ್ಟ್ರೇ?” ಎಂದು ಗೋಗರೆದರೆ, “ನಾನು ನೋಡಿದ್ದನ್ನ ನಾನು ಹೇಳ್ದೆ. ಉಳಿದಿದ್ದು ನೀವು ಹೇಳ್ಕೊಳ್ಳಿ” ಎಂದು ಬೈಕಿಗೆ ಕಿಕ್ ಹೊಡೆಯುತ್ತಿದ್ದರು.

ಸರಿಯಾಗಿ ಹೇಳಬೇಕೆಂದರೆ ಅವರು ಡಾಕ್ಟರೂ ಅಲ್ಲ, ಪಶುವೈದ್ಯ ಇಲಾಖೆಯ ಇನ್ಸ್‌ಪೆಕ್ಟರ್. ಆದರೆ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಬೆದೆಗೆ ಬಂದ ಹಸುವಿಗೆ ‘ಇಂಜೆಕ್ಷನ್ ಹಾಕಲು’ ಬರುವವರೆಲ್ಲ ಡಾಕ್ಟ್ರೇ. ಹೋರಿಯ ವೀರ್ಯವನ್ನು ಸಣ್ಣ ಕಡ್ಡಿಗಳಲ್ಲಿ ತುಂಬಿ, ಕುದಿಯುವ ಹಾಗೆ ಹೊಗೆಯಾಡುವ, ಆದರೆ ಮುಟ್ಟಿದರೆ ಚರ್ಮ ಸುಲಿದುಬರುವಷ್ಟು ತಣ್ಣಗಿನ ದ್ರವ ಸಾರಜನಕದ ಕ್ಯಾನಿನಲ್ಲಿ ಮುಳುಗಿಸಿಟ್ಟು ಊರೂರು ತಿರುಗುವುದು ಅವರ ಕೆಲಸ. ಆ ಕ್ಯಾನು ಹಾಲಿನ ಕ್ಯಾನಿನ ತಮ್ಮನಂತೆ ಅವರ ಬೈಕಿನ ಹಿಂದೆ ಸದಾ ಕೂತಿರುತ್ತಿತ್ತು. ನಿವೃತ್ತಿಯ ದಿನ ಹಾರ, ಶಾಲು, ಗೋಡೆ ಗಡಿಯಾರ ಹಿಡಿದು ಮನೆಗೆ ಬಂದವರು ಮಾರನೆಯ ವಾರವೇ ಸ್ವಂತಕ್ಕೊಂದು ಹಳೆಯ ಕ್ಯಾನು ಕೊಂಡು ತಂದು ಮೆಟ್ಟಿಲ ಕೆಳಗೆ ಇಟ್ಟುಕೊಂಡರು. ನನ್ನ ಅನುಮಾನ ಶುರುವಾದದ್ದು ಅಲ್ಲಿಂದ.

ನನ್ನ ಅನುಮಾನದ ಬಗ್ಗೆ ಎರಡು ಮಾತು ಹೇಳಿಬಿಡುವುದು ಒಳ್ಳೆಯದು. ಕಡೂರಿನಲ್ಲಿ ನನ್ನದೊಂದು ಮೆಡಿಕಲ್ ಅಂಗಡಿಯಿದೆ. ಮಾತ್ರೆಯ ಪೊಟ್ಟಣದೊಳಗಿನ ಚೀಟಿಯನ್ನು ಓದಬಾರದು ಎಂದು ಗಿರಾಕಿಗಳಿಗೆ ಹೇಳುತ್ತೇನೆ. ನಾನು ಓದುತ್ತೇನೆ, ಸಂಜೆಯೊಳಗೆ ಅಲ್ಲಿ ಬರೆದ ಲಕ್ಷಣಗಳೆಲ್ಲ ನನಗೆ ಕಾಣಿಸಿಕೊಳ್ಳುತ್ತವೆ. ಇನ್ಸುಲಿನ್ ಇಟ್ಟ ಫ್ರಿಡ್ಜಿನ ಬಾಗಿಲು ಮುಚ್ಚಿದೆನೋ ಇಲ್ಲವೋ ಎಂದು ಮದುವೆ ಊಟದ ಪಂಕ್ತಿಯಿಂದ ಎದ್ದುಬಂದ ಮನುಷ್ಯ ನಾನು. ಯಾರಾದರೂ ನಕ್ಕು ಮಾತಾಡಿಸಿದರೆ ಸಾಲಕ್ಕೋ ಜಾಮೀನಿಗೋ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಹೀಗಿರುವಾಗ ಒಂದು ಮಧ್ಯಾಹ್ನ ದನದ ಡಾಕ್ಟ್ರು ಬಂದು ಕೌಂಟರಿಗೆ ಎರಡೂ ಮೊಣಕೈ ಊರಿ, “ಏನಪ್ಪಾ ಮೆಡಿಕಲ್ಲು, ಕ್ರಯೋನಿಕ್ಸ್ ಅಂದ್ರೆ ಗೊತ್ತಾ?” ಎಂದರು.

“ಯಾವ ಕಂಪನಿದು ಸಾರ್? ಮಾತ್ರೆನಾ, ಟಾನಿಕ್ಕಾ?”

ಅವರು ನಗಲಿಲ್ಲ. ಮನುಷ್ಯ ಸತ್ತನೆಂದು ಡಾಕ್ಟರು ಹೇಳಿದ ಕೂಡಲೇ ದೇಹವನ್ನು ತಣ್ಣಗೆ ಮಾಡುತ್ತಾ ಹೋಗಿ, ಕೊನೆಗೆ ಇದೇ ಸಾರಜನಕದಲ್ಲಿ ಮುಳುಗಿಸಿ, ಮುಂದೊಂದು ಕಾಲಕ್ಕೆ ಎಬ್ಬಿಸುವ ವಿದ್ಯೆ ಬಂದೀತು ಎಂದು ಕಾದಿಡುವುದು. ಹೊರದೇಶಗಳಲ್ಲಿ ದೊಡ್ಡ ದೊಡ್ಡ ಸ್ಟೀಲ್ ಹಂಡೆಗಳಲ್ಲಿ ತಲೆ ಕೆಳಗಾಗಿ ನಿಲ್ಲಿಸಿ ಇಟ್ಟಿದ್ದಾರಂತೆ. ಕೆಲವರದು ತಲೆಯನ್ನಷ್ಟೇ. ಇದನ್ನೆಲ್ಲ ಅವರು ಹಾಲಿನ ಡೈರಿಯ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳಿದರು.

ಇದೂ ಒಂದು ಚೈನ್ ಸ್ಕೀಮೇ ಇರಬೇಕೆಂದು ನಾನು ಸುತ್ತ ನೋಡಿ ದನಿ ತಗ್ಗಿಸಿದೆ. “ಎಷ್ಟು ಜನರನ್ನ ಸೇರಿಸ್ಬೇಕಂತೆ ಸಾರ್?”

“ಯಾರನ್ನೂ ಸೇರಿಸ್ಬೇಕಾಗಿಲ್ಲ ಕಣಯ್ಯಾ. ನಮ್ ದೇಶದಲ್ಲಿ ಇದನ್ನ ಮಾಡೋರೂ ಇಲ್ಲ ಅಂತ ಕಾಣ್ತದೆ. ಜನ ತಿಳ್ಕೊಳ್ಲಿ ಅಂತ ಅಷ್ಟೆ.”

ತಿಳಿದುಕೊಳ್ಳುವುದಕ್ಕಷ್ಟೇ ಎಂದು ಶುರುವಾದ ಯಾವುದೂ ಅಷ್ಟಕ್ಕೇ ನಿಂತದ್ದನ್ನು ನಾನು ನೋಡಿಲ್ಲ. ಚಪ್ಪಲಿಯಿಂದ ಹಿಡಿದು ನೀರು ಶುದ್ಧ ಮಾಡುವ ಯಂತ್ರದವರೆಗೆ ಎಲ್ಲವೂ ನಮ್ಮೂರಿಗೆ ಬಂದದ್ದು ಹೀಗೇ, ‘ಸುಮ್ಮನೆ ಒಂದ್ಸಲ ಕೇಳಿ ಸಾರ್’ ಎಂದುಕೊಂಡು.

ಅವರ ಮೊದಲ ಭಾಷಣ ಕಡೂರಿನಲ್ಲಿ, ನಿವೃತ್ತ ನೌಕರರು ಸೇರುವ ಒಂದು ಸಭಾಂಗಣದಲ್ಲಿ ನಡೆಯಿತು. ಕೇಳಲು ಬಂದವರಲ್ಲಿ ಅರ್ಧದಷ್ಟು ಜನ ಬಂದದ್ದು ಆಮೇಲೆ ಕೊಡುವ ಉಪ್ಪಿಟ್ಟಿಗೆ. ನಾನು ಬಂದದ್ದು ಅವರು ಯಾವ ಗಳಿಗೆಯಲ್ಲಿ ರಸೀದಿ ಪುಸ್ತಕ ಹೊರಗೆ ತೆಗೆಯುತ್ತಾರೆ ಎಂದು ನೋಡಲು. ಜೊತೆಗೆ ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದೆ, ಸಾಕ್ಷಿಗೆ ಇರಲಿ ಎಂದು.

ಡಾಕ್ಟ್ರು ಮೊದಲು ಒಂದು ಟೊಮೆಟೊ ತೆಗೆದು ಸಾರಜನಕದಲ್ಲಿ ಅದ್ದಿ ಮೇಜಿನ ಮೇಲೆ ಬಿಟ್ಟರು. ಅದು ಕಲ್ಲಿನಂತೆ ಟಣ್ ಎಂದಿತು. ಮಾತಾಡುತ್ತಾ ಹೋದಂತೆ ಅದು ಕರಗಿ, ಚರ್ಮ ಸಡಿಲವಾಗಿ, ಗೊಜ್ಜಾಗಿ ಮೇಜಿನ ಮೇಲೆ ಹರಿಯಿತು.

“ಸುಮ್ನೆ ಐಸ್ ಮಾಡಿದ್ರೆ ಮನುಷ್ಯನ ಗತಿನೂ ಇದೇ. ಒಳಗಿರೋ ನೀರು ಮಂಜುಗಡ್ಡೆ ಆಗ್ತಾ ಊದ್ಕೊಳ್ತದೆ, ಒಳಗಿನ ಸಣ್ಣ ಸಣ್ಣ ಗೋಡೆಗಳೆಲ್ಲ ಒಡೆದುಹೋಗ್ತವೆ. ಅದಕ್ಕೇ ರಕ್ತ ತೆಗೆದು ಬೇರೆ ದ್ರವ ಹರಿಸ್ತಾರೆ, ಮಂಜಾಗದೆ ಗಾಜಿನ ಹಾಗೆ ಗಟ್ಟಿಯಾಗ್ಲಿ ಅಂತ.”

“ಆಮೇಲೆ?” ಎಂದರು ಯಾರೋ.

“ಆಮೇಲೆ ಕಾಯೋದು.”

“ಇದುವರ್ಗೂ ಯಾರಾದ್ರೂ ಎದ್ದವ್ರಾ?”

“ಇಲ್ಲ. ಒಬ್ಬರೂ ಎದ್ದಿಲ್ಲ. ಎದ್ದೇಳ್ತಾರೆ ಅಂತ ನಾನೂ ಹೇಳಲ್ಲ.”

ಇದು ನನ್ನ ಅನುಮಾನವನ್ನು ಇಮ್ಮಡಿ ಮಾಡಿತು. ಮಾರುವವನು ತನ್ನ ಸರಕನ್ನು ತಾನೇ ಹೀಗಳೆದರೆ ಅದರ ಹಿಂದೆ ದೊಡ್ಡದೇ ಏನೋ ಇರಬೇಕು.

ಆಗ ಎದ್ದುನಿಂತವರು ನಮ್ಮ ಬೀದಿಯ ಹಿರಿಯ ಪರಮೇಶಪ್ಪನವರು. ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಜಗತ್ತಿನ ಯಾವ ವಿಷಯವನ್ನೇ ಆಗಲಿ ಅದರ ಪಹಣಿ ನೋಡದೆ ಒಪ್ಪುವವರಲ್ಲ. “ಡಾಕ್ಟ್ರೇ, ಒಂದ್ ಮಾತು. ಒಬ್ಬ ಸತ್ತ. ನೀವು ತಣ್ಣಗೆ ಮಡಗಿದ್ರಿ. ಮಕ್ಕಳು ಪೌತಿ ಖಾತೆಗೆ ಅರ್ಜಿ ಹಾಕಿ ಜಮೀನು ತಮ್ಮ ಹೆಸರಿಗೆ ಮಾಡಿಸ್ಕೊಂಡ್ರು. ತೆಂಗಿನ ತೋಟ ಭಾಗ ಆಯ್ತು, ಬೇಲಿ ಬಿತ್ತು. ಮೊಮ್ಮಕ್ಕಳ ಕಾಲಕ್ಕೆ ಇವ್ನು ಕಣ್ಣುಜ್ಜಿಕೊಂಡು ಎದ್ದು ಬಂದು ‘ನನ್ ತೋಟ ಎಲ್ರಪ್ಪಾ’ ಅಂದ್ರೆ? ಯಾವ ತಹಸೀಲ್ದಾರು ತೀರ್ಮಾನ ಮಾಡ್ಬೇಕು? ಸತ್ತೋರಿಂದ ಖಾತೆ ಬದಲಾವಣೆ ಐತೆ. ಎದ್ದೋರಿಗೆ ಇಲ್ಲ!”

ಸಭೆಯಲ್ಲಿ ಚಪ್ಪಾಳೆ ಬಿತ್ತು. ಅದು ಅಡಗುವ ಮೊದಲೇ ಹಿಂದಿನಿಂದ ಒಂದು ಹೆಣ್ಣುದನಿ ಕೇಳಿಸಿತು. “ಖಾತೆ ಆಮೇಲೆ ನೋಡ್ಕೊಳ್ಳಿ. ಹೆಣ ಎತ್ತೋಗಂಟ ಬೀದೀಲಿ ಯಾರೂ ಒಲೆ ಹಚ್ಚಂಗಿಲ್ಲ. ನೀವು ನೂರು ವರ್ಷ ಎತ್ತದೆ ಮಡೀಕಂಡ್ರೆ ನಾವೇನು ಅಲ್ಲೀಗಂಟ ಅವಲಕ್ಕಿ ನೆನೆಸ್ಕೊಂಡು ತಿನ್ಬೇಕಾ?”

ಕೇಳಿದವಳು ನನ್ನ ಹೆಂಡತಿ. ನಾನು ಚಾವಣಿಯ ಫ್ಯಾನು ನೋಡತೊಡಗಿದೆ.

ಡಾಕ್ಟ್ರು ತಲೆ ಕೆರೆದುಕೊಂಡು, ಬಹಳ ಗಂಭೀರವಾಗಿ, “ಈ ಪ್ರಶ್ನೆ ಹೊರದೇಶದೋರಿಗೆ ಹೊಳೆದೇ ಇಲ್ಲ ಕಣಮ್ಮಾ. ಯೋಚ್ನೆ ಮಾಡ್ಬೇಕು” ಎಂದರು. ನಗೆಯನ್ನು ಅವರು ಎಂದೂ ಸೋಲು ಎಂದು ತಿಳಿದವರಲ್ಲ. ನಗು ಮುಗಿಯುವವರೆಗೆ ಕಾದಿದ್ದು, ನಿಲ್ಲಿಸಿದ ಮಾತನ್ನು ನಿಲ್ಲಿಸಿದಲ್ಲಿಂದಲೇ ಎತ್ತಿಕೊಳ್ಳುತ್ತಿದ್ದರು. ಆ ದಿನ ಎತ್ತಿಕೊಂಡದ್ದು ಬುಕ್ಕಾಂಬುಧಿಯ ಗಿರಿಜಮ್ಮನನ್ನು. ಮುಂದಿನ ಸಾಲಿನಲ್ಲಿ ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದ ಆ ಹೆಂಗಸನ್ನು ಎಬ್ಬಿಸಿ, “ಹೇಳಮ್ಮಾ, ನಿನ್ ಹೋರಿ ವಿಷ್ಯ” ಎಂದರು.

ಗಿರಿಜಮ್ಮ ಮದುವೆಯಾಗಿ ಬರುವಾಗ ತವರಿನವರು ಬಳುವಳಿಯಾಗಿ ಒಂದು ಅಮೃತಮಹಲ್ ಹಸು ಕೊಟ್ಟಿದ್ದರು. ಅದರ ಪೀಳಿಗೆಯಲ್ಲಿ ಹುಟ್ಟಿದ ಹೋರಿಗೆ ಸುಬೇದಾರ ಎಂದು ಹೆಸರು. ತವರಿನಲ್ಲಿ ಅಣ್ಣತಮ್ಮಂದಿರು ಮನೆ, ದನ, ಜಮೀನು ಎಲ್ಲ ಕೈಬಿಟ್ಟಿದ್ದಾಗಿತ್ತು. ಸುಬೇದಾರನೂ ಮುದಿಯಾಗಿ ಹೋದ. ಅವನು ಗಟ್ಟಿಯಾಗಿದ್ದಾಗ ತೆಗೆಸಿಟ್ಟ ವೀರ್ಯದ ಕಡ್ಡಿಗಳಲ್ಲಿ ಕೆಲವು ಹಾಕಿ ಫಲಿಸದೆ, ಉಳಿದದ್ದು ಒಂದೇ ಒಂದು. ಅದು ಈ ಕ್ಯಾನಿನಲ್ಲಿದೆ. ಮನೆಯಲ್ಲಿ ಬೆಳ್ಳಿ ಎಂಬ ಅದೇ ಜಾತಿಯ ಹಸುವಿದೆ. ಅದು ಬೆದೆಗೆ ಬಂದರೆ ಹಾಕಬೇಕು. ತವರಿನದು ಎನ್ನುವುದಕ್ಕೆ ಗಿರಿಜಮ್ಮನಿಗೆ ಉಳಿದದ್ದು ಆ ಕಡ್ಡಿಯಷ್ಟೇ.

“ಸುಬೇದಾರ ಸತ್ತವನಾ, ಬದುಕವನಾ?” ಎಂದು ಡಾಕ್ಟ್ರು ಅವಳನ್ನು ಕೇಳಿದರು.

ಗಿರಿಜಮ್ಮ ಸೆರಗು ಸರಿಮಾಡಿಕೊಂಡಳು. “ಮಣ್ಣು ಮಾಡಿದ್ದು ನಾವೇಯ. ಆದ್ರೂ ಪೂರ್ತಿ ಹೋಗಿಲ್ಲ ಅಂತ ನೀವೇ ಅಂತೀರಲ್ಲ.”

“ಕೇಳಿದ್ರಾ?” ಎಂದರು ಡಾಕ್ಟ್ರು ಸಭೆಯ ಕಡೆ ತಿರುಗಿ. “ಇದಕ್ಕೂ ಮನುಷ್ಯನಿಗೂ ಆಕಾಶ ಭೂಮಿ ವ್ಯತ್ಯಾಸ ಇದೆ. ಆದ್ರೂ ತಣ್ಣಗಾದದ್ದೆಲ್ಲ ಮುಗಿದುಹೋದದ್ದಲ್ಲ, ಅಷ್ಟು ಒಪ್ಪಿದ್ರೆ ಸಾಕು. ಮೊಟ್ಟೆ ಹಳದಿ, ಗ್ಲಿಸರಿನ್ ಎಲ್ಲ ಬೆರೆಸಿ ಇಟ್ಟಿರೋದ್ರಿಂದ ಒಳಗೆ ಒಡೆಯಲ್ಲ...”

“ಮೊಟ್ಟೆನಾ!” ಗಿರಿಜಮ್ಮ ಚೀಲ ಹಿಡಿದು ಅರ್ಧ ಎದ್ದೇಬಿಟ್ಟಳು. “ಡಾಕ್ಟ್ರೇ, ನಮ್ಮನೇಲಿ ಈರುಳ್ಳಿ ಕೂಡ ಸೋಮವಾರ ಮುಟ್ಟಲ್ಲ. ಸುಬೇದಾರನ್ನ ಮೊಟ್ಟೆ ಒಳಗೆ ಮಡಗಿದೀರಾ?”

ಉಪ್ಪಿಟ್ಟು ಬಂದದ್ದರಿಂದ ಅವತ್ತಿನ ಸಭೆ ಉಳಿಯಿತು. ರಸೀದಿ ಪುಸ್ತಕ ಮಾತ್ರ ಕೊನೆಯವರೆಗೂ ಹೊರಬರಲಿಲ್ಲ.

ಆಮೇಲೆ ದೇವನೂರಿನಲ್ಲಿ, ಸಖರಾಯಪಟ್ಟಣದಲ್ಲಿ, ಅಜ್ಜಂಪುರದಲ್ಲಿ, ಎಲ್ಲಿ ನಾಲ್ಕು ಜನ ಕುಳಿತು ಕೇಳುತ್ತಾರೋ ಅಲ್ಲೆಲ್ಲ ಟೊಮೆಟೊ ಹಿಡಿದುಕೊಂಡು ಹೋದರು. ಜನ ಅವರನ್ನು ಹಿಂದಿನಿಂದ ‘ಐಸ್ ಡಾಕ್ಟ್ರು’ ಎನ್ನತೊಡಗಿದರು. ಕ್ಯಾನಿನ ಬಗ್ಗೆ ಕಥೆಗಳು ಬೆಳೆದವು. ಅದರಲ್ಲಿ ಕಡ್ಡಿಯೇ ಇಲ್ಲ ಎಂದು ಕೆಲವರು. ಬೇರೆ ಏನೋ ಇದೆ, ಬಾಯಿಬಿಟ್ಟು ಹೇಳುವಂಥದ್ದಲ್ಲ ಎಂದು ಹಲವರು. ನನ್ನ ಸ್ವಂತ ಅನುಮಾನ ಹೆಚ್ಚು ವ್ಯಾವಹಾರಿಕವಾದದ್ದು: ಆ ಹೆಂಗಸಿನ ಕಡ್ಡಿಯನ್ನು ಇವರು ಯಾವತ್ತೋ ಯಾರಿಗೋ ಮಾರಿಕೊಂಡು ಖಾಲಿ ಕ್ಯಾನು ತೋರಿಸುತ್ತಿದ್ದಾರೆ.

ತಿಂಗಳಿಗೊಮ್ಮೆ ಅವರು ಕ್ಯಾನು ಕಟ್ಟಿಕೊಂಡು ತರೀಕೆರೆಯ ಕಡೆ ಹೋಗುವುದನ್ನು ಗಮನಿಸಿದ್ದೆ. ಒಂದು ಸಲ ಅಂಗಡಿಯನ್ನು ಹುಡುಗರಿಗೆ ಬಿಟ್ಟು ನಾನೂ ಬಸ್ ಹತ್ತಿದೆ. ಪತ್ತೇದಾರಿಕೆಗೆ ಬಸ್ಸು ಒಳ್ಳೆಯ ವಾಹನವಲ್ಲ. ಅವರ ಬೈಕು ಮುಂದೆ ಹೋಗಿತ್ತು. ತರೀಕೆರೆಯ ಹೊರಗೆ ಅವರ ಹಳೆಯ ಸ್ನೇಹಿತರೊಬ್ಬರ ಡೈರಿ ಫಾರಂ ಇದೆ ಎಂದು ಗೊತ್ತಿದ್ದರಿಂದ ಆಟೋ ಹಿಡಿದು ಅಲ್ಲಿಗೇ ಹೋದೆ. ಗೋಡೆಯಾಚೆಯಿಂದ ಇಣುಕಿದರೆ ಅವರು ನನ್ನ ಕಡೆಗೇ ನೋಡುತ್ತಿದ್ದರು.

“ಬಂದಿದ್ದು ಒಳ್ಳೇದಾಯ್ತು. ಬಾ, ಕ್ಯಾನು ಹಿಡ್ಕೋ. ಇವತ್ತು ಇಲ್ಲಿ ಆಳಿಲ್ಲ.”

ಎಲ್ಲಿಂದ ಬಂದೆ, ಯಾಕೆ ಬಂದೆ ಎಂದು ಕೇಳಲಿಲ್ಲ. ಸಾರಜನಕ ಸುರಿದರು; ಬಿಳಿಯ ಹೊಗೆ ನನ್ನ ಮೊಣಕಾಲು ಸುತ್ತಿಕೊಂಡಿತು. ಕಪ್ಪು ಪ್ಲಾಸ್ಟಿಕ್ ಪಟ್ಟಿಯೊಂದನ್ನು ಕ್ಯಾನಿನೊಳಗೆ ತಳ ಮುಟ್ಟಿಸಿ ತೆಗೆದು ಗಾಳಿಯಲ್ಲಿ ಆಡಿಸಿದರು. ಪಟ್ಟಿಯ ಮೇಲೆ ಇಬ್ಬನಿಯಂತೆ ಬೆಳ್ಳಗೆ ಕೂತಿತು. “ಬಿಳುಪು ಎಲ್ಲೀತನಕ ಇದ್ಯೋ ಅಲ್ಲೀತನಕ ಸಾರಜನಕ ಇದೆ ಅಂತ. ಇದು ನಾಲ್ಕು ಬೆರಳಿಗಿಂತ ಇಳಿದ್ರೆ ಸುಬೇದಾರನ ಕಥೆ ಮುಗೀತು” ಎಂದರು. ಆಮೇಲೆ ಬೆಲ್ಲದ ಕಾಫಿ ಕುಡಿಯುತ್ತಾ, ಯಾವುದೋ ಮಾತಿನ ನಡುವೆ, “ಜನ ಎಲ್ಲ ಚಳಿದೇ ದೊಡ್ಡ ವಿದ್ಯೆ ಅಂದ್ಕೊಂಡವ್ರೆ. ಚಳಿ ಸುಲಭ ಕಣೋ. ಇವತ್ತು ಸುರಿದೆ. ಮುಂದಿನ ತಿಂಗಳು ಯಾರು ಸುರೀತಾರೆ? ನಾನು ಹೋದ್ಮೇಲೆ ಯಾರು? ನನ್ ಮಗಳು ಹೋದ್ಮೇಲೆ ಯಾರು? ಗೊತ್ತೇ ಇಲ್ದಿರೋರಿಗೋಸ್ಕರ ತಲೆಮಾರುಗಟ್ಲೆ ಯಾರೋ ಒಬ್ರು ಬಂದು ಸುರೀತಾನೇ ಇರ್ಬೇಕು. ಆ ಜನ ಸಿಕ್ತಾರಾ?” ಎಂದರು.

ಮನೆಗೆ ಬಂದ ಮೇಲೆ ನನಗಾಗಿ ಯಾರು ಸುರಿದಾರು ಎಂದು ಯೋಚಿಸಿದೆ. ಹೆಂಡತಿ ಸುರಿದಾಳು, ಧಾರಾವಾಹಿ ಮುಗಿದ ಮೇಲೆ. ತಮ್ಮ ಮೊದಲು ಕ್ಯಾನಿನ ಬೆಲೆ ವಿಚಾರಿಸಿಯಾನು. ಸುರಿಯುವವರ ಹೆಸರು ಅಲ್ಲಿಗೇ ಮುಗಿಯಿತು.

ಡಾಕ್ಟ್ರ ಹೆಂಡತಿ ಶಾರದಮ್ಮನವರಿಗೆ ಈ ಗೀಳು ಕಂಡರಾಗುತ್ತಿರಲಿಲ್ಲ. “ಮನೆ ಒಳಗೆ ನೆಲ ಒರೆಸೋಕೂ ಆ ದರಿದ್ರದ್ದನ್ನ ಸುತ್ತಿ ಬಳಸಿ ಹೋಗ್ಬೇಕು. ಬದುಕಿರೋರಿಗೆ ಸ್ವೆಟರ್ ತಂದ್ಕೊಡಿ ಅಂದ್ರೆ ಮೂರು ಚಳಿಗಾಲ ಆಯ್ತು, ಸತ್ತ ಹೋರಿಗೆ ಮಾತ್ರ ತಿಂಗಳು ತಿಂಗಳು ಉಪಚಾರ” ಎಂದು ನನ್ನ ಹೆಂಡತಿಯ ಹತ್ತಿರ ಹೇಳುತ್ತಿದ್ದರು. ಭಾಷಣಕ್ಕೆ ಒಮ್ಮೆಯೂ ಬಂದವರಲ್ಲ. ಕ್ಯಾನಿನಲ್ಲಿ ಏನಿದೆ ಎಂದು ನಾನು ಒಮ್ಮೆ ಮೆಲ್ಲಗೆ ಕೇಳಿದಾಗ, “ನನ್ನ ಬುದ್ಧಿ ಇರ್ಬೇಕು. ಮದುವೆಯಾದಾಗಿಂದ ಕಾಣ್ತಿಲ್ಲ” ಎಂದರು.

ಕಳೆದ ವರ್ಷ ಡಾಕ್ಟ್ರಿಗೆ ಎದೆನೋವು ಬಂದು ಶಿವಮೊಗ್ಗದ ಆಸ್ಪತ್ರೆ ಸೇರಿದರು. ನೋಡಲು ಹೋದಾಗ ಮೂಗಿಗೆ ನಳಿಕೆ ಇತ್ತು, ಅದನ್ನು ಸರಿಸಿ ಮೊದಲು ಕೇಳಿದ್ದು, “ಕ್ಯಾನು?” ಎಂದು.

“ನೋಡ್ತೀನಿ ಸಾರ್. ಆದ್ರೆ ನನ್ನನ್ನೇ ಯಾಕೆ? ನಿಮ್ಮ ಭಾಷಣ ಕೇಳಿ ತಲೆದೂಗೋ ಎಷ್ಟೋ ಜನ ಇದ್ದಾರಲ್ಲ. ನಂಗೆ ನಿಮ್ ಮಾತಲ್ಲಿ ಅರ್ಧಕ್ಕರ್ಧ ನಂಬ್ಕೆ ಇಲ್ಲ.”

“ಅದಕ್ಕೇ ಕಣೋ. ನಂಬೋನು ಕ್ಯಾನು ತುಂಬಿದೆ ಅಂತ ನಂಬ್ಕೊಂಡು ಮಲಗಿಬಿಡ್ತಾನೆ. ನಿನ್ನಂಥ ಅನುಮಾನದ ಪ್ರಾಣಿ ದಿನಾ ಬಂದು ಪಟ್ಟಿ ಹಾಕಿ ನೋಡ್ತಾನೆ.” ನಗಲು ಹೋಗಿ ಕೆಮ್ಮಿದರು. “ದಿನಾ ಬೇಡ. ಮುಚ್ಚಳ ತೆಗೆದಷ್ಟೂ ಆವಿ ಆಗ್ತದೆ. ವಾರಕ್ಕೊಂದ್ಸಲ ಅನುಮಾನ ಪಡು, ಸಾಕು.”

ಕೇಳಬಾರದೆಂದುಕೊಂಡೇ ಕೇಳಿದೆ. “ನಿಮ್ಮನ್ನೂ ಹಾಗೆ ಇಡ್ಬೇಕು ಅಂತ ಆಸೆ ಇತ್ತಾ ಸಾರ್?”

“ನಂಗ್ಯಾಕಯ್ಯಾ? ಎದ್ದು ಕೂತ್ರೆ ಶಾರದಾ ಇರಲ್ಲ, ಬೈಯೋರು ಯಾರು?” ಸರಿಸಿದ್ದ ನಳಿಕೆಯನ್ನು ಮತ್ತೆ ಮೂಗಿಗೆ ಸರಿಮಾಡಿಕೊಂಡರು. “ಜನ ಬಹಳ ಬೇಗ ‘ಹೋಯ್ತು’ ಅಂದ್ಬಿಡ್ತಾರೆ ಕಣೋ. ಕರು ಹೋಯ್ತು, ಮನುಷ್ಯ ಹೋದ. ಇನ್ನೊಂದ್ಸಲ ನೋಡ್ರಪ್ಪಾ ಅಂತ ಹೇಳ್ಬೇಕಿತ್ತು. ಸುಮ್ನೆ ಹೇಳಿದ್ರೆ ಯಾರು ಕೇಳ್ತಾರೆ? ಅದಕ್ಕೆ ಈ ಟೊಮೆಟೊ ಆಟ.”

ನಾನು ಎಲ್ಲವನ್ನೂ ಅನುಮಾನಿಸುತ್ತಾ ಬಂದವನು. ಸಾವನ್ನು ಅನುಮಾನಿಸಬಹುದೆಂದು ನನಗೆ ಹೊಳೆದಿರಲಿಲ್ಲ. ಅವರು ಬೇರೇನನ್ನೂ ಅನುಮಾನಿಸಿದ್ದನ್ನು ನಾನು ಕಾಣೆ, ಗೋಡೆ ಹಿಂದೆ ಬಗ್ಗಿ ನಿಂತಿದ್ದ ನನ್ನನ್ನು ಕೂಡ.

ಆಸ್ಪತ್ರೆಯಿಂದ ಬಂದ ಕೆಲವೇ ದಿನಕ್ಕೆ ಒಂದು ಬೆಳಗ್ಗೆ ಜಗಲಿಯ ಕುರ್ಚಿಯಲ್ಲಿ ಕೂತಲ್ಲೇ ಹೋದರು. ಬಂದು ನೋಡಿದ ಎಳೆಯ ಡಾಕ್ಟರು ಸ್ಟೆಥಸ್ಕೋಪು ಮಡಿಚಿ ತಲೆ ಅಲ್ಲಾಡಿಸಿದಾಗ, ಶಾರದಮ್ಮ, “ಇನ್ನೊಂದ್ಸಲ ನೋಡಿ” ಎಂದರು. ಡಾಕ್ಟರು ನಮ್ಮೆಲ್ಲರ ಮುಖ ನೋಡಿ, ಮತ್ತೆ ಬಗ್ಗಿ, ಬಹಳ ಹೊತ್ತು ಕಿವಿಗೊಟ್ಟರು. ಆಮೇಲೆ ಏನೂ ಹೇಳದೆ ಎದ್ದರು.

ಮಗಳು ರಾಯಚೂರಿನಲ್ಲಿ ಟೀಚರು. ಅವಳು ಬರುವುದು ಮಾರನೆಯ ಮಧ್ಯಾಹ್ನವಾಗುತ್ತಿತ್ತು. ಹಾಗಾಗಿ ಬಾಡಿಗೆಗೆ ಫ್ರೀಜರ್ ಪೆಟ್ಟಿಗೆ ತರಿಸಿ ನಡುಮನೆಯಲ್ಲಿ ಇಟ್ಟೆವು. ಗಾಜಿನ ಮುಚ್ಚಳದೊಳಗೆ ಅವರು, ಪಕ್ಕದಲ್ಲಿ ಗುಂಯ್ ಎನ್ನುವ ಮೋಟಾರು. ಪರಮೇಶಪ್ಪನವರು ಪೆಟ್ಟಿಗೆಯನ್ನು ಸುತ್ತಿ ನೋಡಿ ನನ್ನ ಕಿವಿಯಲ್ಲಿ, “ನೋಡಪ್ಪಾ, ಡಾಕ್ಟ್ರ ಆಸೆ ಒಂದ್ ದಿನದ ಮಟ್ಟಿಗಾದ್ರೂ ನೆರವೇರ್ತು” ಎಂದು ಹೇಳಿ, ಹೇಳಿದ್ದಕ್ಕೆ ತಾವೇ ನಾಚಿ, ಟವಲಿನಿಂದ ಕಣ್ಣೊರೆಸಿಕೊಂಡರು. ಬೀದಿಯಲ್ಲಿ ಯಾರ ಮನೆಯಲ್ಲೂ ಒಲೆ ಹಚ್ಚಿರಲಿಲ್ಲ. ಹೋಟೆಲಿನ ಇಡ್ಲಿ ಕೈಯಿಂದ ಕೈಗೆ ದಾಟುತ್ತಿತ್ತು.

ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೆ ಗಿರಿಜಮ್ಮ ಬಂದಳು. ಹಾರ ಇಟ್ಟು, ಅತ್ತು, ಹೆಂಗಸರ ನಡುವೆ ಕೂತಳು. ಕೂತಲ್ಲಿ ಕೂರಲಾಗದೆ ಎದ್ದು ಬಾಗಿಲಿಗೆ ಬಂದಳು, ಮತ್ತೆ ಹೋಗಿ ಕೂತಳು. ಕೊನೆಗೆ ನನ್ನನ್ನು ಜಗಲಿಯ ಮೂಲೆಗೆ ಕರೆದು, “ಅಣ್ಣಾ, ಹೇಳ್ಬಾರ್ದು, ಹೇಳೋ ಹೊತ್ತೂ ಅಲ್ಲ. ಬೆಳ್ಳಿ ರಾತ್ರಿಯಿಂದ ಕೂಗ್ತೈತೆ” ಎಂದಳು.

ನನಗೆ ತಕ್ಷಣ ಅರ್ಥವಾಗಲಿಲ್ಲ.

“ಬೆದೆಗೆ ಬಂದೈತೆ. ಒಂದ್ ವರ್ಷದಿಂದ ಬಂದಿರ್ಲಿಲ್ಲ. ಡಾಕ್ಟ್ರೇ ಹೋದ್ ತಿಂಗಳು ಅದೇನೋ ಮದ್ದು ಕೊಟ್ಟಿದ್ರು. ವಯಸ್ಸಾದ ಹಸ, ಇನ್ನೊಂದ್ಸಲ ಬತ್ತೈತೋ ಇಲ್ಲವೋ. ಸಂಜೆಗೆಲ್ಲ ಇಳಿದೋಗ್ತೈತೆ.” ಅವಳ ಕಣ್ಣು ನನ್ನ ಹೆಗಲ ಮೇಲಿನಿಂದ ನಡುಮನೆಯ ಮೆಟ್ಟಿಲ ಕಡೆ ಹೋಯಿತು. ಕ್ಯಾನು ಅಲ್ಲೇ ಇತ್ತು, ಫ್ರೀಜರ್ ಪೆಟ್ಟಿಗೆಯ ಹಿಂದೆ, ಡಾಕ್ಟ್ರ ತಲೆಯ ಬಳಿ.

ಮಾತು ಹರಡಲು ಎಷ್ಟು ಹೊತ್ತು. ಅಜ್ಜಂಪುರದ ಪಶು ಆಸ್ಪತ್ರೆಯ ಹೊಸ ಡಾಕ್ಟರಮ್ಮನಿಗೆ ಫೋನು ಮಾಡಿದೆ. ಕಡ್ಡಿ ತಂದರೆ ಹಾಕಿಕೊಡುತ್ತೇನೆ ಎಂದರು. ಆದರೆ ಒಯ್ಯುವುದು ಹೇಗೆ? ಹೆಣ ಎತ್ತುವ ಮೊದಲು ಆ ಮನೆಯಿಂದ ಒಂದು ಹುಲ್ಲುಕಡ್ಡಿಯೂ ಹೊರಗೆ ಹೋಗುವಂತಿಲ್ಲ. ನಮ್ಮಲ್ಲಿ ಅದು ಎಲ್ಲರೂ ನಡೆಸಿಕೊಂಡು ಬಂದ ಕಟ್ಟು. ಸಾವಿನ ಮನೆಯಿಂದ ಸೂಜಿ ಕೂಡ ಕಡ ಕೊಡುವುದಿಲ್ಲ.

“ಆಗಲ್ಲಮ್ಮಾ” ಎಂದರು ಪರಮೇಶಪ್ಪ. ಗದರಲಿಲ್ಲ, ನೋವಿನಿಂದಲೇ ಹೇಳಿದರು. “ಈ ಮನೆಗೆ ಒಳ್ಳೇದಲ್ಲ. ಮಗಳು ಬರ್ಲಿ, ಎತ್ತೋದು ಮುಗೀಲಿ. ಆಮೇಲೆ ತಗೊಂಡೋಗಿ.”

“ಆಮೇಲೆ ಅನ್ನೋದ್ರೊಳಗೆ ಕತ್ತಲಾಗ್ತೈತೆ ಯಜಮಾನ್ರೇ.”

“ಗೊತ್ತು. ಏನ್ ಮಾಡಾಣ ಹೇಳು.”

ಗಿರಿಜಮ್ಮ ಜಗಲಿಯ ಕಂಬ ಹಿಡಿದು ನಿಂತಳು. ನಾನೂ ನಿಂತೆ. ನನ್ನ ತಲೆಯಲ್ಲಿ ಎರಡೂ ಕಡೆಯ ಭಯ ಓಡುತ್ತಿತ್ತು. ಕೊಟ್ಟರೆ ಈ ಮನೆಗೆ ಏನಾದರೂ ಆದೀತು; ಕೊಡದಿದ್ದರೆ ಇಷ್ಟು ಕಾಲ ಕಾಪಾಡಿದ್ದು ಸಂಜೆಯೊಳಗೆ ವ್ಯರ್ಥವಾದೀತು.

ಒಳಗಿನಿಂದ ಶಾರದಮ್ಮನ ದನಿ ಬಂತು. ಗಾಜಿನ ಪೆಟ್ಟಿಗೆಯ ಪಕ್ಕ ಕೂತವರು ತಲೆ ಎತ್ತಿರಲಿಲ್ಲ. “ಪರಮೇಶಣ್ಣಾ, ಹೊರಗೆ ಹೋಗ್ಬಾರ್ದು ಅನ್ನೋದು ವಸ್ತು ತಾನೇ?”

“ಹೌದು ಕಣಮ್ಮಾ. ವಸ್ತು ಒಡವೆ, ಪಾತ್ರೆ ಪಡಗ.”

“ಸಾವಿನ ಮನೇಲಿ ದನ ಇದ್ರೆ? ಎತ್ತೋಗಂಟ ಹಟ್ಟೀಲೇ ಕಟ್ಟಾಕ್ತಾರಾ?”

ಪರಮೇಶಪ್ಪ ಯೋಚಿಸಿದರು. “ಇಲ್ಲ. ಮೇಯಕ್ಕೆ ಬಿಡ್ತಾರೆ. ಮೂಕ ಪ್ರಾಣಿ, ಜೀವ ಇರೋದು...”

“ಹಂಗಾದ್ರೆ ಅದನ್ನೂ ಬಿಡಿ. ಅದ್ರಲ್ಲಿ ಜೀವ ಐತೆ. ಇವ್ರು ಇಷ್ಟ್ ವರ್ಷ ಅದನ್ನೇ ಹೇಳ್ಕೊಂಡು ಸತ್ರು.”

ಪೆಟ್ಟಿಗೆಯ ಮೋಟಾರು ಒಂದೇ ಗುಂಯ್‌ಗುಡುತ್ತಿತ್ತು. ಪರಮೇಶಪ್ಪನವರು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, ಬಾಗಿಲಲ್ಲಿ ನಿಂತಿದ್ದವರ ಕಡೆ ತಿರುಗಿ, ತಾಲ್ಲೂಕು ಕಚೇರಿಯ ಗಟ್ಟಿ ದನಿಯಲ್ಲಿ, “ದಾರಿ ಬಿಡ್ರಪ್ಪಾ, ಹೋರಿ ಬತ್ತೈತೆ” ಎಂದರು.

ಜನ ಎರಡೂ ಕಡೆ ಸರಿದರು. ನಿಜಕ್ಕೂ ಕೊಂಬಿನ ಹೋರಿಯೊಂದು ಬರುತ್ತಿದೆಯೇನೋ ಎಂಬಂತೆ ಹೆಂಗಸರು ಮಕ್ಕಳನ್ನು ಹಿಂದಕ್ಕೆಳೆದುಕೊಂಡರು. ನಾನು ಡಾಕ್ಟ್ರ ತಲೆಯ ಬಳಿಯಿಂದ ಕ್ಯಾನು ಎತ್ತಿಕೊಂಡು ನಡೆದೆ.

ನನ್ನ ಹಳೆಯ ಓಮ್ನಿಯಲ್ಲಿ ಗಿರಿಜಮ್ಮ ಕ್ಯಾನನ್ನು ಎರಡು ಮೊಣಕಾಲ ನಡುವೆ ಇರುಕಿಕೊಂಡು ಕೂತಳು. ಮುಚ್ಚಿದ ವಾಹನದಲ್ಲಿ ಸಾರಜನಕ ಸೋರಿದರೆ ಉಸಿರುಕಟ್ಟುತ್ತದೆ ಎಂದು ಎಲ್ಲೋ ಓದಿದ್ದೆನಾದ್ದರಿಂದ ಕಿಟಕಿಗಳನ್ನೆಲ್ಲ ತೆರೆದು ಓಡಿಸಿದೆ. ಬೀರೂರು ದಾಟುವಷ್ಟರಲ್ಲಿ ಗಿರಿಜಮ್ಮನ ಮುಡಿ ಬಿಚ್ಚಿ ಹಾರುತ್ತಿತ್ತು. “ಅಣ್ಣಾ, ಒಂದ್ ಕಿಟಕಿನಾದ್ರೂ ಮುಚ್ಚಿ!” ಎಂದು ಕೂಗಿದಳು. ಮುಚ್ಚಲಿಲ್ಲ. ಅಜ್ಜಂಪುರದಲ್ಲಿ ಡಾಕ್ಟರಮ್ಮ ಹತ್ತಿಕೊಂಡರು.

ಬೆಳ್ಳಿ ಕೊಟ್ಟಿಗೆಯ ಗೂಟವನ್ನೇ ಕೀಳುವಂತೆ ಎಳೆಯುತ್ತಿತ್ತು. ಡಾಕ್ಟರಮ್ಮ ಕ್ಯಾನಿನ ಮುಚ್ಚಳ ತೆಗೆದು ಇಕ್ಕಳದಿಂದ ಕಡ್ಡಿಯನ್ನು ಎತ್ತಿದರು. ಹೊಗೆಯೊಳಗಿನಿಂದ ಹುಲ್ಲಿನ ಎಸಳಿನಷ್ಟು ತೆಳ್ಳಗಿನ ಕಡ್ಡಿ ಬಂತು. ಅದು ಇತ್ತು. ನಾನು ಅಲ್ಲೇ ಗೋದಲಿಯ ಅಂಚಿನ ಮೇಲೆ ಕೂತುಬಿಟ್ಟೆ.

ಉಗುರುಬೆಚ್ಚನೆಯ ನೀರಿಗೆ ಕಡ್ಡಿ ಹಾಕುತ್ತಾ ಡಾಕ್ಟರಮ್ಮ, “ಬಹಳ ಹಳೇದು. ಭರವಸೆ ಕೊಡಲ್ಲಮ್ಮಾ” ಎಂದರು.

“ಭರವಸೆ ಯಾರ್ ಕೇಳಿದ್ರು ತಾಯಿ? ಹಾಕು” ಎಂದಳು ಗಿರಿಜಮ್ಮ.

ಒಂದು ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ನಾವು ಕಡೂರಿಗೆ ಮರಳುವ ಹೊತ್ತಿಗೆ ಮಗಳು ಬಂದಿದ್ದಳು. ಸಂಜೆಯೊಳಗೆ ಮಣ್ಣು ಮಾಡಿ ಬಂದೆವು. ಬೀದಿಯಲ್ಲಿ ಒಂದೊಂದೇ ಮನೆಯಿಂದ ಒಗ್ಗರಣೆಯ ವಾಸನೆ ಬರತೊಡಗಿತು.

ಮೂರು ತಿಂಗಳಾದ ಮೇಲೆ ಡಾಕ್ಟರಮ್ಮ ಪರೀಕ್ಷೆ ಮಾಡಿ ಗಬ್ಬ ನಿಂತಿದೆ ಎಂದರಂತೆ. ಗಿರಿಜಮ್ಮ ಕೂಡಲೇ ನನಗೆ ಫೋನು ಮಾಡಿ ಹೇಳಿದಳು. ಸಂತೋಷವಾಯಿತು ಎಂದು ಹೇಳಬೇಕಾದ ಜಾಗದಲ್ಲಿ ನಾನು, “ಪಕ್ಕದ ಮನೆಯೋರ ಹೋರಿ ಏನಾದ್ರೂ ಆ ದಿನಗಳಲ್ಲಿ ಬೇಲಿ ಹಾರಿ...” ಎಂದೆ.

“ಅಣ್ಣಾ! ನಮ್ ಬೆಳ್ಳಿ ಬಗ್ಗೆ ಇನ್ನೊಂದ್ ಮಾತಾಡಿದ್ರೆ ಕಡೂರಿಗೇ ಬತ್ತೀನಿ ನೋಡಿ!”

ಬಂದಳು. ಈ ವರ್ಷ, ಬೆಳ್ಳಿ ಕರು ಹಾಕಿದ ಮೂರನೆಯ ದಿನ, ಸ್ಟೀಲ್ ಡಬ್ಬಿಯಲ್ಲಿ ಗಿಣ್ಣು ಕಾಯಿಸಿಕೊಂಡು ನೇರ ಶಾರದಮ್ಮನ ಮನೆಗೆ ಹೋಗಿ, ನನಗೂ ಹೇಳಿಕಳಿಸಿದಳು. ಹಾಲು ಕಡಿಮೆ ಕೊಡುವ ತಳಿ. ಕರುವಿಗೆ ಬಿಟ್ಟು ಉಳಿದದ್ದರಲ್ಲಿ ಒಂದು ಡಬ್ಬಿ. ಹೆಣ್ಣು ಕರು, ಸುಬೇದಾರನದೇ ಹಣೆ, ಸುಬೇದಾರನದೇ ಕಣ್ಣು ಎಂದಳು. ಸುಬೇದಾರನನ್ನು ನಾನು ನೋಡಿದವನಲ್ಲವಾದ್ದರಿಂದ ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ.

ಶಾರದಮ್ಮ ಒಂದು ತುಂಡು ಬಾಯಿಗಿಟ್ಟುಕೊಂಡರು. ಗಿರಿಜಮ್ಮ ಅವರ ಮುಖವನ್ನೇ ನೋಡುತ್ತಿದ್ದಳು. ನಾನು ನೆಲ ನೋಡುತ್ತಿದ್ದೆ. ಕೊನೆಗೆ ಅವರು ಸೆರಗಿನಿಂದ ಮೂಗು ಒರೆಸಿಕೊಂಡು, “ಬೆಲ್ಲ ಒಂಚೂರು ಕಮ್ಮಿಯಾಯ್ತು ಗಿರಿಜಾ” ಎಂದು, ಬಟ್ಟಲನ್ನು ಮತ್ತೆ ಮುಂದಕ್ಕೆ ಚಾಚಿದರು.